ಮಂಜಿನ ಫೋಟೋ ಜೆಪೆಗ್ ಮಾಡಿದರೆ ಪಟ್ಟೆ ಬರುತ್ತಿದೆ, ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಕೊಡಚಾದ್ರಿಯಲ್ಲಿ ಬೆಳಗಿನ ಮಂಜಿನ ಫೋಟೋ ತೆಗೆದಿದ್ದೇನೆ, 14 ಬಿಟ್ ರಾ ಫೈಲ್ (ಕ್ಯಾಮೆರಾದ ಮೂಲ ಫೈಲ್). ಬೆಟ್ಟದ ಸಾಲು ಹಿಂದೆ ಹೋದ ಹಾಗೆ ನೀಲಿ ನಿಧಾನಕ್ಕೆ ಬಿಳಿಯಲ್ಲಿ ಕರಗುತ್ತದೆ. ಆ ಜಾಗಕ್ಕೋಸ್ಕರವೇ ಇದನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಅಮ್ಮನಿಗೆ ಕೊಡಬೇಕು ಅಂತ ಆಸೆ.

ಲೈಟ್‌ರೂಮ್ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಡಿಹೇಜ್ (ಮಂಜು ತಿಳಿಯಾಗಿಸುವ ಸ್ಲೈಡರ್) ಸ್ವಲ್ಪ ಏರಿಸಿದ್ದೇನೆ. ಅಲ್ಲಿ ನೋಡಿದರೆ ನಯವಾಗಿದೆ. ಜೆಪೆಗ್ ಮಾಡಿದ ಕೂಡಲೇ ಮಂಜಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಪಟ್ಟೆ ಕಾಣುತ್ತದೆ. ಕ್ವಾಲಿಟಿ 100 ಇಟ್ಟು ನೋಡಿದೆ, ಎಸ್‌ಆರ್‌ಜಿಬಿ, ಅಡೋಬಿ ಆರ್‌ಜಿಬಿ ಎರಡೂ ಕಲರ್ ಸೆಟ್ಟಿಂಗ್ ನೋಡಿದೆ, ಹೋಗಲಿಲ್ಲ. ಡಿಹೇಜ್ ಇಳಿಸಿದರೆ ಪಟ್ಟೆ ಕಡಿಮೆ, ಆದರೆ ಹಿಂದಿನ ಬೆಟ್ಟವೇ ಮಾಯ! 16 ಬಿಟ್ ಟಿಫ್‌ನಲ್ಲಿ ಪಟ್ಟೆ ಇಲ್ಲ. ಜೆಪೆಗ್ 8 ಬಿಟ್, ಒಂದೊಂದು ಬಣ್ಣಕ್ಕೆ 256 ಹಂತ ಮಾತ್ರ, ಅದು ಗೊತ್ತು. ಆದರೆ ಶಿವಮೊಗ್ಗದಲ್ಲಿ ನಾನು ಕೇಳಿದ ಲ್ಯಾಬ್‌ನವರು ಜೆಪೆಗ್ ಬಿಟ್ಟು ಬೇರೆ ತಗೊಳ್ಳಲ್ಲ.

ಗ್ರೇನ್ (ಫೋಟೋ ಮೇಲೆ ಸಣ್ಣ ಸಣ್ಣ ಚುಕ್ಕೆ) ಸೇರಿಸಿದರೆ ಪಟ್ಟೆ ಮುಚ್ಚುತ್ತದೆ ಅಂತ ಗೆಳೆಯರೊಬ್ಬರು ಹೇಳಿದರು. ನನಗೆ ಗೊಂದಲ ಇರುವುದು ಇಲ್ಲೇ. ಸ್ಕ್ರೀನ್‌ನಲ್ಲಿ ಚೆನ್ನಾಗಿ ಕಂಡ ಗ್ರೇನ್ ಪ್ರಿಂಟ್‌ನಲ್ಲಿ ಧೂಳು ಕೂತ ಹಾಗೆ ಕಂಡರೆ ಮಂಜಿನ ಅಂದವೇ ಹೋಗುತ್ತದೆ ಅಲ್ವಾ?

20x30 ಇಂಚಿನ ಪ್ರಿಂಟ್‌ಗೆ ಗ್ರೇನ್ ಅಮೌಂಟ್, ಸೈಜ್ ಎಷ್ಟಿಡಬೇಕು? ಇಡೀ ಫೋಟೋಗೆ ಹಾಕಲೋ, ಮಾಸ್ಕ್ ಮಾಡಿ ಮಂಜಿಗೆ ಮಾತ್ರ ಹಾಕಲೋ? ಪ್ರಿಂಟ್ ಹಾಕಿಸಿ ನೋಡಿದವರು ದಯವಿಟ್ಟು ಹೇಳಿ.