ತೆನೆ ಹಬ್ಬಕ್ಕೆ ಶಾಲೆಯಲ್ಲೇ ಭತ್ತ ಬೆಳೆಸಬಹುದಾ?

ಪ್ರಶ್ನೆ: ಶಿವಮೊಗ್ಗದ ಕಾನ್ವೆಂಟ್ ಹೆಣ್ಣುಮಕ್ಕಳ ಶಾಲೆ. ಸೆಪ್ಟೆಂಬರ್ 8, ಯೇಸುವಿನ ತಾಯಿ ಮರಿಯಮ್ಮನವರ ಜನ್ಮದಿನಕ್ಕೆ ಹೊಸ ತೆನೆ ಬೇಕು. ಮಲೆನಾಡಲ್ಲಿ ನಾಟಿಯೇ ಜುಲೈ-ಆಗಸ್ಟ್. ಮಕ್ಕಳ ಕೈಲೇ ಬೆಳೆಸೋದು ಹೇಗೆ?

ಉತ್ತರ 1: ಖಂಡಿತ ಆಗುತ್ತೆ. ಸುಮಾರು 110-115 ದಿನದ ಅಲ್ಪಾವಧಿ ತಳಿ ತಗೊಳ್ಳಿ. ಊರಿನ ದೀರ್ಘಾವಧಿ ತಳಿ ಬೇಡ, ಹಗಲು ಕುಗ್ಗದೆ ಅವು ತೆನೆ ಬಿಡೋದೇ ಇಲ್ಲ. ಮೇ 25ರೊಳಗೆ ಬೀಜ ಬಿದ್ದಿರಬೇಕು; ಶಾಲೆ ತೆರೆದ ಮೇಲೆ ಅಂದ್ರೆ ತಡವಾಯ್ತು. ತೂತಿಲ್ಲದ ಬಕೆಟ್, ಮುಕ್ಕಾಲು ಗದ್ದೆಮಣ್ಣು, ಮೇಲೆ ಎರಡು ಇಂಚು ನೀರು, ಬಕೆಟ್ಟಿಗೆ ನಾಲ್ಕೈದು ಸಸಿ ಸಾಕು. ಮಳೆ ಜೋರಾದಾಗ ನೀರು ಬಗ್ಗಿಸಿ.

ಉತ್ತರ 2: ಕೆಡೋದು ಹೂವಿನ ಹೊತ್ತಲ್ಲಿ. ಭತ್ತದ ಹೂ ಬೆಳಗ್ಗೆ ಕೆಲವೇ ಗಂಟೆ ಬಾಯಿ ಬಿಡುತ್ತೆ. ಆಗ ಮಳೆ ಹೊಡೆದರೆ ಪರಾಗ ತೊಳೆದು ಕಾಳು ಜೊಳ್ಳು. ಆ ವಾರ ಬಕೆಟ್ ಜಗಲಿ ಅಂಚಿಗೆ, ಬೆಳಕಿರೋ ಕಡೆ ಇಡಿ. ಕಾಳು ಹಿಸುಕಿದರೆ ಬಿಳಿ ಹಾಲು ಬಂದರೂ ಹಬ್ಬಕ್ಕೆ ನಡೆಯುತ್ತೆ.

ಉತ್ತರ 3: ಆಗಸ್ಟ್ 30ರಿಂದ ನೊವೇನಕ್ಕೆ, ಅಂದ್ರೆ ಹಬ್ಬದ ಮುಂಚಿನ ಒಂಬತ್ತು ದಿನದ ಪ್ರಾರ್ಥನೆಗೆ, ಹೂ ತರುವಾಗ ದಾಸವಾಳ, ಡೇರೆ, ಮನೆಯಂಗಳದ್ದು ಏನಿದ್ದರೂ ಸರಿ, ಕೊಂಡು ತರಬೇಡಿ. ಬೇರೆ ಧರ್ಮದ ಮಕ್ಕಳು ಬೆಳೆಸೋದರಲ್ಲಿ ಸಂತೋಷವಾಗಿ ಸೇರಲಿ. ಪ್ರಾರ್ಥನೆಗೆ ಮಾತ್ರ ಪೋಷಕರ ಒಪ್ಪಿಗೆ ಬೇಕು, ಸಂವಿಧಾನದ 28(3)ನೇ ವಿಧಿ ಹೇಳೋದೂ ಅದನ್ನೇ. ಆಶೀರ್ವಾದದ ತೆನೆ ಮನೆಗೊಂದು ಕೊಡಿ, ಕಾಳು ಸುಲಿದು ಪಾಯಸಕ್ಕೆ ಹಾಕ್ತಾರೆ.