ಒಂದೇ ಮಾಲಿಕ್ಯೂಲು, ಕರೆಂಟ್ ಮಾತ್ರ ಒಬ್ಬೊಬ್ರಿಗೆ ಒಂದೊಂದು, ಯಾಕೆ?

ತುಮಕೂರಿಂದ ಕೇಳ್ತಿರೋದು: ಎಂ.ಎಸ್ಸಿ ಫಿಸಿಕ್ಸ್ ಕೊನೇ ವರ್ಷ, ಪ್ರಾಜೆಕ್ಟಿಗೆ ಮಾಲಿಕ್ಯುಲರ್ ಎಲೆಕ್ಟ್ರಾನಿಕ್ಸ್ (ಮಾಲಿಕ್ಯೂಲನ್ನೇ ಸರ್ಕ್ಯೂಟಿನ ಭಾಗ ಮಾಡೋದು) ತಗೊಂಡು ಸಿಕ್ಕಾಕೊಂಡಿದೀನಿ. ಎರಡು ಚಿನ್ನದ ತುದಿ ಮಧ್ಯೆ ಬೆಂಜೀನ್ ಡೈಥಯಾಲ್ (ಎರಡೂ ಕಡೆ ಥಯಾಲ್, ಅಂದ್ರೆ ಗಂಧಕದ ತುದಿ, ಇರೋ ಮಾಲಿಕ್ಯೂಲು) ಇಟ್ಟು 1997ರಲ್ಲಿ ಅಳೆದಾಗ ಸುಮಾರು 22 ಮೆಗಾಓಮ್ ಬಂದಿದೆ, 2004ರ ಅಳತೆಲಿ ಬರೀ 1.2 ಮೆಗಾಓಮ್ ಹತ್ರ. ಗೈಡ್ ಕೇಳಿದ್ರೆ "ಕಾಂಟ್ಯಾಕ್ಟ್ ಕಣಮ್ಮ" ಅಂತಾರೆ ಅಷ್ಟೇ. ಕೈಯಾರೆ ಮಾಡಿರೋರು ಯಾರಾದ್ರೂ ಹೇಳಿ.

ಕೋಲಾರದವನು: ಗೈಡ್ ಹೇಳಿದ್ದು ನಿಜ, ಆದ್ರೆ ಅರ್ಧ. ಮಾಮೂಲಿ ಸರ್ಕ್ಯೂಟಲ್ಲಿ ವೈರು ಬೇರೆ ರೆಸಿಸ್ಟರ್ ಬೇರೆ, ಬೆಸುಗೆ ಸರಿ ಇಲ್ದಿದ್ರೆ ಇನ್ನೊಂದ್ಸಲ ಹಾಕಿದ್ರಾಯ್ತು, ಇಲ್ಲಿ ಹಂಗಲ್ಲ, ತುದಿಲಿರೋ ಗಂಧಕ ಚಿನ್ನಕ್ಕೆ ಅಂಟ್ಕೊಂಡ ಕೂಡ್ಲೇ ಮಾಲಿಕ್ಯೂಲಿನ ಎನರ್ಜಿ ಲೆವೆಲ್ಲೇ ಅಗಲ ಆಗತ್ತೆ, ಜಾಗನೂ ಬದಲಾಯಿಸತ್ತೆ, ಅದು ಚಿನ್ನದ ಫರ್ಮಿ ಲೆವೆಲ್ಲಿಗೆ (ಎಲೆಕ್ಟ್ರಾನ್ ತುಂಬಿರೋ ಮಟ್ಟದ ಅಂಚು) ಎಷ್ಟು ಹತ್ರ ಬಂತು ಅನ್ನೋದ್ರ ಮೇಲೆ ಕರೆಂಟು. ಗಂಧಕ ಒಂದು ಆಟಮ್ ತಲೆ ಮೇಲೆ ಕೂರಬೋದು, ಎರಡರ ನಡುವೆ ಕೂರಬೋದು, ಮೂರರ ಗುಂಡೀಲಿ ಕೂರಬೋದು, ಒಂದೊಂದಕ್ಕೂ ಒಂದೊಂದು ಲೆಕ್ಕ. ನಾನು ಮಾಡಿದ ತಪ್ಪು ಕೇಳಿ: ಚಿನ್ನದ ಸೂಜಿನ ಚಿನ್ನಕ್ಕೆ ಚುಚ್ಚಿ ಐವತ್ತು ಸಲ ಎಳೆದು, ಚೆನ್ನಾಗಿ ಕಂಡ ಐದೇ ಕರ್ವ್ ಆರಿಸಿ ಸರಾಸರಿ ಹಾಕ್ದೆ. ಸಾವಿರಾರು ಸಲ ಚುಚ್ಚಿ ಎಳೀರಿ, ಒಂದನ್ನೂ ಬಿಸಾಕದೆ ಹಿಸ್ಟೋಗ್ರಾಂ (ಯಾವ ಬೆಲೆ ಎಷ್ಟು ಸಲ ಬಂತು ಅನ್ನೋ ಗ್ರಾಫ್) ಮಾಡಿ. ಥಯಾಲ್ ಬದಲು ಅಮೀನ್ (ಸಾರಜನಕದ) ತುದಿ ಇರೋದು ಹಾಕಿದ್ಮೇಲೆ ನಂಗೆ ಪೀಕ್ ಚೂಪಾಯ್ತು, ಅದು ಎದ್ದು ನಿಂತಿರೋ ಒಂಟಿ ಚಿನ್ನದ ಆಟಮ್ಮಿಗಷ್ಟೇ ಅಂಟತ್ತೆ, ಅದೂ ಮೆತ್ತಗೆ. ಕೋಲಾರದಲ್ಲಿ ಹುಟ್ಟಿ ಚಿನ್ನಕ್ಕೆ ಇಷ್ಟು ಬೈದೋನು ನಾನೊಬ್ನೇ ಇರಬೇಕು.

ಚಿಕ್ಕಬಳ್ಳಾಪುರ: ಒಂಟಿ ಮಾಲಿಕ್ಯೂಲ್ ಸಹವಾಸ ಬೇಡ, ಪದರ ಮಾಡಿ ಮೇಲೆ ಚಿನ್ನ ಆವಿ ಮಾಡಿ ಕೂರಿಸೋಣ ಅಂತ ಹೋಗ್ಬೇಡಿ. ನಾನು ಹೋಗಿ ಒಂದು ವಾರ ಖುಷಿಯಾಗಿದ್ದೆ, ಕರೆಂಟ್ ಧಾರಾಳ, ಗ್ರಾಫ್ ಸ್ಕೇಲ್ ಇಟ್ಟು ಎಳೆದಂಗೆ ನೇರ. ಆಮೇಲೆ ಗೊತ್ತಾಯ್ತು, ಚಿನ್ನ ಪದರದ ತೂತಲ್ಲಿ ಇಳಿದು ಕೆಳಗಿನ ಚಿನ್ನಕ್ಕೇ ಮುಟ್ಟಿದೆ, ನಾನು ಅಳೆದಿದ್ದು ಶಾರ್ಟು. ಗ್ಯಾಲಿಯಂ-ಇಂಡಿಯಂ ಹನಿ ಮುಟ್ಸೋದು ವಾಸಿ, ಆದ್ರೆ ಅದರ ಮೇಲೆ ಆಕ್ಸೈಡ್ ಕೆನೆ ಕಟ್ಟಿರತ್ತೆ, ನಿಜವಾಗಿ ತಾಗೋ ಜಾಗ ಮೈಕ್ರೋಸ್ಕೋಪಲ್ಲಿ ಕಾಣೋದಕ್ಕಿಂತ ತುಂಬಾ ಕಮ್ಮಿ.

ಶಿರಾ ಕಡೆಯವರು: ಕಾಂಟ್ಯಾಕ್ಟಿನ ಪಾಲು ಎಷ್ಟು ಅಂತ ಬೇರೆ ಮಾಡ್ಬೇಕಂದ್ರೆ 6, 8, 10 ಕಾರ್ಬನ್ನಿನ ಆಲ್ಕೇನ್ ಡೈಥಯಾಲ್ (ಕಾರ್ಬನ್ ಸರಪಳಿ, ಎರಡೂ ತುದಿಲಿ ಥಯಾಲ್) ತಗೊಳ್ಳಿ. ಒಂದು ಕಾರ್ಬನ್ ಜಾಸ್ತಿ ಆದಂಗೆ ಕರೆಂಟ್ ಸುಮಾರು ಮೂರರಲ್ಲೊಂದು ಭಾಗಕ್ಕೆ ಇಳಿಯತ್ತೆ. ರೆಸಿಸ್ಟೆನ್ಸಿನ ಲಾಗನ್ನ ಉದ್ದದ ಎದುರು ಹಾಕಿ ಗೆರೆ ಎಳೆದ್ರೆ ಇಳಿಜಾರು ಮಾಲಿಕ್ಯೂಲಿಂದು, ಉದ್ದ ಸೊನ್ನೆ ಆದ ಕಡೆ ಉಳಿಯೋದು ಕಾಂಟ್ಯಾಕ್ಟಿಂದು. ಅದು 12.9 ಕಿಲೋಓಮಿಗಿಂತ ಕೆಳಗೆ ಬಂದ್ರೆ ಅನುಮಾನ ಪಡಿ, ಎಂಥ ಒಳ್ಳೆ ಕಾಂಟ್ಯಾಕ್ಟ್ ಇದ್ರೂ ಒಂದು ಚಾನೆಲ್ಲಿಗೆ (ಎಲೆಕ್ಟ್ರಾನ್ ಹೋಗೋ ಒಂದು ದಾರಿಗೆ) ಅಷ್ಟು ಇದ್ದೇ ಇರತ್ತೆ.

ತುಮಕೂರಿಂದ ಮತ್ತೆ: ಹಂಗಾದ್ರೆ ಆ ಎರಡರಲ್ಲಿ ಯಾವ್ದು ನಂಬ್ಲಿ?

ಕೋಲಾರದವನು: 1997ರದ್ದು ದಾರಿ ತೋರಿಸಿದ್ದು, ಆದ್ರೆ ಕೆಲವೇ ಕರ್ವು. 2004ರದ್ದು ಹಿಸ್ಟೋಗ್ರಾಂ. ನಾನಾದ್ರೆ ಎರಡನೇದು. ಹಾಂ, ಥಯಾಲ್ ಬಾಟ್ಲಿ ಫ್ಯೂಮ್ ಹುಡ್ ಒಳಗೇ ಬಿಚ್ಚಿ, ಆ ನಾತಕ್ಕೆ ನನ್ನ ಪಕ್ಕ ಬಸ್ಸಲ್ಲಿ ಯಾರೂ ಕೂರ್ತಿರ್ಲಿಲ್ಲ.