ಅಪ್‌ಡೇಟ್: ಮಿನ್ನೆಸೋಟದ ಚಳಿಗೆ ಹೀಟ್ ಪಂಪ್, ಲೆಕ್ಕ ಹೀಗಿದೆ

ಅಮೆರಿಕದ ಮಿನ್ನೆಸೋಟದ ಹಳ್ಳಿ ಕಡೆ, ಪ್ರೋಪೇನ್ ಫರ್ನೇಸ್ (ಗ್ಯಾಸ್ ಉರಿಸಿ ಮನೆ ಬೆಚ್ಚಗಿಡುವ ಯಂತ್ರ) ಇರುವ ಮನೆಗೆ ಹೀಟ್ ಪಂಪ್ (ಹೊರಗಿನ ಗಾಳಿಯ ಶಾಖವನ್ನು ಕರೆಂಟ್ ಬಳಸಿ ಒಳಗೆ ಸಾಗಿಸುವ ಯಂತ್ರ) ಹಾಕಿಸಿದರೆ ಗಿಟ್ಟುತ್ತದೆಯೇ ಎಂದು ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಧನ್ಯವಾದ.

ಒಂದು ಗ್ಯಾಲನ್ ಪ್ರೋಪೇನ್‌ನಲ್ಲಿ ಸುಮಾರು 26.8 ಯೂನಿಟ್ (ಕಿಲೋವ್ಯಾಟ್-ಅವರ್) ಶಾಖ. 95% ದಕ್ಷತೆಯ ಫರ್ನೇಸ್‌ನಿಂದ ಮನೆಗೆ ಸಿಗುವುದು 25.5. ಗ್ಯಾಲನ್‌ಗೆ 2.20 ಡಾಲರ್ ಎಂದರೆ ಯೂನಿಟ್‌ಗೆ 8.6 ಸೆಂಟ್ ಬೀಳುತ್ತದೆ. ಕರೆಂಟ್ ಯೂನಿಟ್‌ಗೆ 15 ಸೆಂಟ್ ಇದ್ದರೆ, ಹೀಟ್ ಪಂಪ್‌ನ ಸಿಒಪಿ (ಒಂದು ಯೂನಿಟ್ ಕರೆಂಟ್‌ಗೆ ಎಷ್ಟು ಯೂನಿಟ್ ಶಾಖ ಸಿಗುತ್ತದೆ ಎಂಬ ಅಳತೆ) 1.75ಕ್ಕಿಂತ ಇಳಿಯದಷ್ಟು ಹೊತ್ತೂ ಅದೇ ಅಗ್ಗ. ಶೀತ ಪ್ರದೇಶದ ಎನರ್ಜಿ ಸ್ಟಾರ್ (ಅಮೆರಿಕ ಸರ್ಕಾರದ ಇಂಧನ ದಕ್ಷತೆಯ ಗುರುತು) ಮಾದರಿಗಳಿಗೆ ಮೈನಸ್ 15 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೇಳುವ ಕನಿಷ್ಠವೂ ಅಷ್ಟೇ. ಹಾಗಾಗಿ ಫರ್ನೇಸ್ ಕೀಳಿಸಲೇಬೇಡಿ; ಅದಕ್ಕಿಂತ ಚಳಿಯಾದಾಗ ಫರ್ನೇಸ್ ಹತ್ತುವಂತೆ ಥರ್ಮೋಸ್ಟಾಟ್ ಹೊಂದಿಸಿ. ಊರಿನ ವಿದ್ಯುತ್ ಸಹಕಾರ ಸಂಘದಲ್ಲಿ ಡ್ಯುಯಲ್ ಫ್ಯೂಯಲ್ ದರ (ಕರೆಂಟ್ ಜೊತೆಗೆ ಬೇರೆ ಇಂಧನದ ಹೀಟಿಂಗ್ ಕೂಡ ಇರುವ ಮನೆಗೆ ಕೊಡುವ ಕಡಿಮೆ ದರ) ಇದೆಯೇ ಎಂದೂ ವಿಚಾರಿಸಿ. ಪ್ರತ್ಯೇಕ ಮೀಟರ್ ಬೇಕಾಗಬಹುದು, ಆದರೆ ದರ ಇಳಿದರೆ ಇಡೀ ಲೆಕ್ಕವೇ ಬದಲಾಗುತ್ತದೆ.

ಹೀಟ್ ಪಂಪ್‌ಗೆ ಸಿಗುತ್ತಿದ್ದ ಫೆಡರಲ್ (ಕೇಂದ್ರ) ಸರ್ಕಾರದ 30% ತೆರಿಗೆ ಕ್ರೆಡಿಟ್ (ಕಟ್ಟಬೇಕಾದ ತೆರಿಗೆಯಲ್ಲಿ ಕಡಿತ, ಮಿತಿ 2,000 ಡಾಲರ್) 2025ರ ಡಿಸೆಂಬರ್ 31ಕ್ಕೆ ಮುಗಿಯಿತು. ಕೊಟೇಶನ್‌ನಲ್ಲಿ ಈಗಲೂ ಅದನ್ನು ಕಳೆದು ತೋರಿಸಿದ್ದರೆ ಒಪ್ಪಬೇಡಿ. ರಾಜ್ಯಗಳ ಮೂಲಕ ಹಂಚಲು ಇಟ್ಟಿರುವ ಫೆಡರಲ್ ರಿಬೇಟ್ ಹೀಟ್ ಪಂಪ್‌ಗೆ ಗರಿಷ್ಠ 8,000 ಡಾಲರ್: ಆದಾಯ ಆ ಪ್ರದೇಶದ ಮಧ್ಯಾಂಕ (ಮೀಡಿಯನ್) ಆದಾಯದ 80% ಒಳಗಿದ್ದರೆ ಮಿತಿಯೊಳಗಿನ ಪೂರ್ತಿ ಖರ್ಚು, 150%ವರೆಗೆ ಅರ್ಧ. ಅನುಮೋದನೆ ಕೈಗೆ ಬರುವ ಮೊದಲು ಕೆಲಸ ಶುರು ಮಾಡಿಸಬೇಡಿ.

ಹೊರಗಿನ ಯೂನಿಟ್ ಅನ್ನು ಹಿಮದ ಮಟ್ಟಕ್ಕಿಂತ ಮೇಲೆ ಸ್ಟ್ಯಾಂಡ್ ಮೇಲೆ ಕೂರಿಸಿ. ಡಿಫ್ರಾಸ್ಟ್ ನೀರು (ಯೂನಿಟ್ ತನ್ನ ಮೇಲಿನ ಹಿಮ ಕರಗಿಸಿದಾಗ ಬರುವ ನೀರು) ಕೆಳಗೆ ಗಡ್ಡೆಕಟ್ಟಿದರೆ ಮಂಜುಗಡ್ಡೆ ಮೇಲೇರಿ ಕಾಯಿಲ್ ಮತ್ತು ಫ್ಯಾನ್‌ಗೆ ತಾಗುತ್ತದೆ. ಬೇಸ್ ಪ್ಯಾನ್ ಹೀಟರ್ (ಯೂನಿಟ್‌ನ ತಳದ ತಟ್ಟೆಯನ್ನು ಬಿಸಿ ಇಡುವ ಹೀಟರ್) ಇರುವ ಮಾದರಿಯನ್ನೇ ಕೇಳಿ ಪಡೆಯಿರಿ.